ಪುಟ್ಟಯ್ಯನ ಮಜ್ಜಿಗೆ ಪೆಟ್ಟಿಗೆ

ಅಜ್ಜಂಪುರದ ಹೊರಗೆ ರೈಲು ಹಳಿಗೆ ಬೆನ್ನು ಕೊಟ್ಟು ನಿಂತ ಕೇರಿಯಲ್ಲಿ ಪುಟ್ಟಯ್ಯನ ಮನೆ. ವಯಸ್ಸು ಅರವತ್ತೆರಡು. ಪ್ರಾಯದಲ್ಲಿ ತರೀಕೆರೆಯ ಸಾ ಮಿಲ್‌ನಲ್ಲಿ ಹನ್ನೊಂದು ವರ್ಷ ದಿಮ್ಮಿ ಹೊತ್ತು, ಹಲಗೆ ಕೊಯ್ದು, ಆಮೇಲೆ ಊರಿಗೆ ಬಂದು ಬಾಗಿಲು ಕಿಟಕಿ ಮಾಡುತ್ತ ಬಡಗಿ ಎಂದು ಹೆಸರು ಪಡೆದವನು. ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಒಂದು ಚಕ್ಕೆ ಹಿಡಿದರೆ ಸಾಕು, ಇದು ಹೊನ್ನೆ, ಇದು ಮತ್ತಿ, ಇದು ಹಲಸು ಎಂದು ಹೇಳಿಬಿಡುತ್ತಿದ್ದ. ಒಂದು ಸಲವೂ ತಪ್ಪಿದ್ದಿಲ್ಲ.

ಅವನ ಹೆಂಡತಿ ಭಾಗಮ್ಮ ಹತ್ತೊಂಬತ್ತು ವರ್ಷಗಳಿಂದ ಅಂಬೇಡ್ಕರ್ ಜಯಂತಿಯ ದಿನ ಕೇರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದಳು. ಮೆರವಣಿಗೆ ಅವಳ ಜಗಲಿಯ ಮುಂದೆಯೇ ಬಂದು ಮುಗಿಯುತ್ತಿತ್ತು. ಈ ವರ್ಷ ಜಯಂತಿ ನಡೆಸುವ ಸಂಘದ ಕಾರ್ಯದರ್ಶಿ ವಿಜಯ್ ತಲೆ ಕೆರೆದುಕೊಳ್ಳುತ್ತ ಬಂದ. ಅವನು ಭಾಗಮ್ಮನ ಅಣ್ಣನ ಮಗ.

“ಅತ್ತೆ, ಬೇಜಾರ್ ಮಾಡ್ಕಬ್ಯಾಡ. ಈ ಸಲ ಮೆರವಣಿಗೆ ವಾಪಸ್ ಬರೋದೇ ಮೂರು ಗಂಟೆಗೆ. ಅಷ್ಟೊತ್ತಿಗೆ ನಿನ್ ಮಜ್ಜಿಗೆ ಕಾದು ಹುಳಿ ಆಗಿರ್ತದೆ. ಪ್ಯಾಕೆಟ್ ಮಜ್ಜಿಗೆ ತರ್ಸಾನ ಅಂತಾರೆ ಹುಡುಗ್ರು.”

ಭಾಗಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದಳು. ಪುಟ್ಟಯ್ಯ ಅದನ್ನು ನೋಡಿ ವಿಜಯ್ ಕಡೆ ತಿರುಗಿದ.

“ಲೇ, ಮೂರು ಗಂಟೆಗೂ ಹಲ್ಲು ಜುಮ್ ಅನ್ನಂಗೆ ಕೊಟ್ರೆ?”

“ಕೊಟ್ರೆ ಪ್ಯಾಕೆಟ್ ಯಾಕೆ ಬೇಕು ಮಾವ?”

“ಹಂಗಾದ್ರೆ ಭಾನುವಾರ ಬಾ. ಕುಡ್ದು ನೋಡು.”

ಪುಟ್ಟಯ್ಯನ ತಲೆಯಲ್ಲಿ ಐಸ್ ಇಟ್ಟು ಮಜ್ಜಿಗೆ ತಂಪಾಗಿಡುವ ಪೆಟ್ಟಿಗೆ ಆಗಲೇ ಸಿದ್ಧವಾಗಿತ್ತು. ಹೊಸ ಮರ ಕೊಳ್ಳಬೇಕಾಗಿರಲಿಲ್ಲ. ಕೊಟ್ಟಿಗೆಯ ಹಿಂದೆ, ಹಳಿಯ ಕೆಳಗೆ ಹಾಸುತ್ತಿದ್ದ ಹಳೇ ಮರದ ಸ್ಲೀಪರ್‌ಗಳು ಬಿದ್ದಿದ್ದವು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ಅಪ್ಪ, ಹಳಿಗೆ ಸಿಮೆಂಟಿನವು ಬಂದಾಗ ಹರಾಜಿನಲ್ಲಿ ಹಿಡಿದು ತಂದವು. ಪುಟ್ಟಯ್ಯ ಅವನ್ನು ಸೀಳಿಸಿ ಹಲಗೆ ಮಾಡಿದ. ಪೆಟ್ಟಿಗೆಯೊಳಗೊಂದು ಪೆಟ್ಟಿಗೆ, ನಡುವಿನ ಸಂದಿಗೆ ಪಂಚನಹಳ್ಳಿಯಿಂದ ತಂದು ಒಣಗಿಸಿದ ತೆಂಗಿನ ನಾರಿನ ಪುಡಿ. ಮುಚ್ಚಳದ ಅಂಚಿಗೆ ಸೈಕಲ್ ಟ್ಯೂಬು. ಕರಗಿದ ನೀರು ಒಂದೇ ಮೂಲೆಗೆ ಇಳಿಯಲೆಂದು ತಳಕ್ಕೆ ಬೆರಳಗಲ ಇಳಿಜಾರು, ಮೂಲೆಯಲ್ಲೊಂದು ನಲ್ಲಿ. ನಿಂತೇ ಬಡಿಸಲು ಸೊಂಟದೆತ್ತರದ ನಾಲ್ಕು ಕಾಲು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಡೂರಿನ ಐಸ್ ಗಡ್ಡೆ ಒಳಗೆ ಹೋಯಿತು, ಪಕ್ಕದಲ್ಲಿ ಮಜ್ಜಿಗೆ ಕ್ಯಾನ್. ಮಧ್ಯಾಹ್ನ ಮೂರಕ್ಕೆ ಮುಚ್ಚಳ ತೆಗೆದರೆ ಗಡ್ಡೆಯ ಮೂಲೆಗಳು ಮಾತ್ರ ಸವೆದಿದ್ದವು. ಪುಟ್ಟಯ್ಯ ಮೀಸೆಯಡಿಯಲ್ಲೇ ನಕ್ಕ. ಭಾಗಮ್ಮ ಒಂದು ಗುಟುಕು ಕುಡಿದು ಜಗಲಿಯಾಚೆ ಉಗಿದಳು.

“ಏನಯ್ಯ ಇದು! ರೈಲ್ ಡಬ್ಬಿ ನೆಕ್ಕಿದಂಗೈತೆ!”

“ಟಾರು ಮಾವ, ಟಾರು!” ಎಂದು ವಿಜಯ್ ಮೂಗು ಹಿಡಿದುಕೊಂಡ.

ಮರ ಕೊಳೆಯದಿರಲೆಂದು ಸ್ಲೀಪರ್‌ಗೆ ಕುಡಿಸಿದ್ದ ಟಾರೆಣ್ಣೆಯ ವಾಸನೆ ಮಜ್ಜಿಗೆಗೆ ಇಳಿದಿತ್ತು. ಪುಟ್ಟಯ್ಯ ಪೆಟ್ಟಿಗೆಯೊಳಕ್ಕೆ ತಲೆ ತೂರಿಸಿ ಮೂಸಿದ. ಅವನಿಗೆ ಏನೂ ತಿಳಿಯಲಿಲ್ಲ. ಇನ್ನೊಮ್ಮೆ ಮೂಸಿದ. ಆಮೇಲೆ ಹೊಳೆಯಿತು. ಪ್ರತಿ ಸಂಜೆ ಅಪ್ಪ ಅದೇ ವಾಸನೆಯ ಅಂಗಿ ತೊಟ್ಟು ಮನೆಗೆ ಬರುತ್ತಿದ್ದ, ಅದೇ ಅಂಗಿಯಲ್ಲಿ ಮಗನನ್ನು ಪಕ್ಕಕ್ಕೆಳೆದುಕೊಂಡು ಮಲಗುತ್ತಿದ್ದ. ಊರಿನ ಮರವನ್ನೆಲ್ಲ ಗುರುತಿಸುವ ಮೂಗು ಇದೊಂದನ್ನು ವಾಸನೆಯೆಂದು ಯಾವತ್ತೂ ಎಣಿಸಿಯೇ ಇರಲಿಲ್ಲ.

“ನಾಳೆ ಪ್ಯಾಕೆಟ್‌ಗೆ ಹೇಳ್ಬಿಡ್ತೀನಿ ಮಾವ,” ಎಂದ ವಿಜಯ್ ಮೆಲ್ಲಗೆ.

“ಹೇಳ್ಕೋ. ಜಯಂತಿಗೆ ಇನ್ನೂ ಆರು ದಿನ ಐತೆ. ಅವತ್ತು ಮಾತ್ರ ಮೊದ್ಲು ಇಲ್ಲಿಗೆ ಬರ್ಬೇಕು.”

ಅವನು ಹೋದ ಕೂಡಲೇ ಪುಟ್ಟಯ್ಯ ಪೆಟ್ಟಿಗೆ ಬಿಚ್ಚಿದ. ವಾಸನೆ ಹೀರಿದ ನಾರಿನ ಪುಡಿಯನ್ನು ತಿಪ್ಪೆಗೆ ಸುರಿದ. ನಂತರ ಏಣಿ ಹಾಕಿ ತನ್ನ ಮನೆಯ ಅಟ್ಟದ ಹಲಸಿನ ಹಲಗೆಗಳನ್ನೇ ಕೀಳತೊಡಗಿದ.

“ಅಟ್ಟದ್ ಪಾತ್ರೆ ಎಲ್ಲಿಡ್ಲಿ?” ಎಂದಳು ಭಾಗಮ್ಮ.

“ನಿನ್ ತಲೆ ಮೇಲಿಟ್ಕೊಳ್ಳೇ.”

“ಅಲ್ಲಾಗ್ಲೇ ನೀನ್ ಕೂತಿದ್ದೀಯಲ್ಲ!”

ಹಲಗೆಗಳ ಹೊಗೆ ಹಿಡಿದ ಮೈಯನ್ನು ಹೆರೆದಾಗ ಒಳಗಿನ ಅರಿಶಿನ ಬಣ್ಣ ಹೊರಬಂತು. ಆದರೆ ಈ ಸಲ ಅವನು ತನ್ನ ಮೂಗನ್ನು ನಂಬಲಿಲ್ಲ. ಒಂದೊಂದು ಹಲಗೆಯಿಂದಲೂ ಒಂದು ಚಕ್ಕೆ ಕೆತ್ತಿ, ಒಂದೊಂದು ಲೋಟ ಮಜ್ಜಿಗೆಗೆ ಹಾಕಿ, ತಟ್ಟೆ ಮುಚ್ಚಿಟ್ಟ. ಒಂದು ಗಂಟೆಯ ಮೇಲೆ ಭಾಗಮ್ಮ ಸಾಲಾಗಿ ರುಚಿ ನೋಡಿದಳು. ಹದಿನಾಲ್ಕು ಹಲಗೆಗಳಲ್ಲಿ ಎರಡಕ್ಕೆ ಹೊಗೆಯ ವಾಸನೆ ಎಂದಳು. ಅವೆರಡೂ ಒಲೆಗೆ ಹೋದವು, ಉಳಿದ ಹನ್ನೆರಡು ಹೊಸ ನಾರಿನ ಪುಡಿಯೊಡನೆ ಪೆಟ್ಟಿಗೆಯಾದವು. ಸ್ಲೀಪರ್ ಮರ ಉಳಿದದ್ದು ನಾಲ್ಕು ಕಾಲುಗಳಲ್ಲಿ ಮಾತ್ರ.

“ಅವಿರ್ಲಿ, ಬಾಯಿಂದ ದೂರ ಅವೆ,” ಎಂದು ಭಾಗಮ್ಮ ಒಪ್ಪಿಗೆ ಕೊಟ್ಟಳು.

ಜಯಂತಿಯ ದಿನ ಮೆರವಣಿಗೆ ಜಗಲಿ ಮುಟ್ಟುವಾಗ ಮೂರೂವರೆ. ನೀಲಿ ಬಾವುಟ ಹಿಡಿದವರ ಅಂಗಿಗಳೆಲ್ಲ ಬೆವರಿಗೆ ಬೆನ್ನಿಗಂಟಿದ್ದವು. ಮಾತಿನಂತೆ ವಿಜಯ್ ಮೊದಲು ಬಂದ. ಭಾಗಮ್ಮ ಕೊಟ್ಟ ಲೋಟವನ್ನು ಹಣೆಗೊತ್ತಿಕೊಂಡು, ಆಮೇಲೆ ಒಂದೇ ಉಸಿರಿಗೆ ಕುಡಿದ.

“ಹೆಂಗೈತಪ್ಪಾ?” ಎಂದ ಪುಟ್ಟಯ್ಯ.

“ಇನ್ನೊಂದ್ ಲೋಟ ಕೊಡು ಅತ್ತೆ, ಆಮೇಲೆ ಹೇಳ್ತೀನಿ.”

ಎರಡನೆಯದನ್ನೂ ಮುಗಿಸಿ ಅವನು ಸುತ್ತ ನೋಡಿ ದನಿ ತಗ್ಗಿಸಿದ. ಪ್ಯಾಕೆಟ್ ತಂದ ಟೆಂಪೊ ಹನ್ನೆರಡು ಗಂಟೆಯಿಂದ ಬಿಸಿಲಲ್ಲೇ ನಿಂತಿತ್ತು.

“ಮಾವ, ಪೆಟ್ಟಿಗೇಲಿ ವಸಿ ಜಾಗ ಐತಾ? ಪ್ಯಾಕೆಟ್ ಎಲ್ಲಾ ಕಾದೋಗವೆ.”

ಪುಟ್ಟಯ್ಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ನಿಂತ. “ಪೆಟ್ಟಿಗೆ ನಂದು ಕಣೋ. ಜಾಗ ನಿಮ್ಮತ್ತೇದು. ಅವಳ್ನ ಕೇಳು.”

ಭಾಗಮ್ಮ ಮುಂದಿನವರ ಲೋಟ ತುಂಬುತ್ತಿದ್ದಳು. ತಿರುಗಿ ನೋಡಲಿಲ್ಲ.

“ಮೊದ್ಲು ನಮ್ದು ಖಾಲಿ ಆಗ್ಲಿ ಕಣೋ,” ಎಂದಳು. “ಅಲ್ಲೀಗಂಟ ಲೋಟ ತೊಳ್ಕೊಡು ಬಾ.”