ಹೋರಿಯ ಎದೆಗೆ ಸುತ್ತಿದ ರುಮಾಲು

ಕಮಲಾಪುರದ ನನ್ನ ಗಂಡನ ಮನೆಯಲ್ಲಿ ಹೋರಿ ಆರಿಸುವ ಪದ್ಧತಿಯೇ ಬೇರೆ. ಕಾರಹುಣ್ಣಿಮೆಯ ದಿನ ಮಾವ ತಲೆಯ ರುಮಾಲು ಬಿಚ್ಚಿ, ಮಡಚಿ, ಒಂದೊಂದು ಹೋರಿಯ ಎದೆಗೂ ಸುತ್ತುತ್ತಿದ್ದರು. ಯಾವುದರ ಸುತ್ತಳತೆ ಹೆಚ್ಚೋ ಅದು ಬೀಜದ ಹೋರಿ. ಉಳಿದವಕ್ಕೆ ಬೀಜ ಒಡೆಸಿ ನೇಗಿಲಿಗೆ ಹೂಡುವುದು. ಆಮೇಲೆ ಅದೇ ರುಮಾಲನ್ನು ಮಗನ ಎದೆಗೂ ಸುತ್ತಿ ಹಿಗ್ಗುವುದು! ನನ್ನ ಗಂಡ ಗರಡಿಯಲ್ಲಿ ತಾಲೀಮು ಮಾಡಿದ ಆಳು. ನಾನೋ, ಒಣ ಕಡ್ಡಿ. ಮದುವೆಯಾಗಿ ವರ್ಷಗಳಾದರೂ ಬಸಿರಾಗಲಿಲ್ಲ. ತಪ್ಪು ಯಾರದೆಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಕಡ್ಡಿಯದೇ.

ಆ ವರ್ಷ ಆರಿಸಿದ ದೇವಣಿ ತಳಿಯ ಹೋರಿ, ಅಬ್ಬಾ, ಏನು ಗಾತ್ರ, ಏನು ಗತ್ತು! ಆದರೆ ಅದಕ್ಕೆ ಬಿಟ್ಟ ಆಕಳೊಂದೂ ಗಬ್ಬ ನಿಲ್ಲಲಿಲ್ಲ. ಎಲ್ಲವೂ ಮತ್ತೆ ಬೆದೆಗೆ ಬಂದವು. ಮನೆಯಲ್ಲಿ ಹಾಲು ಬತ್ತಿತು.

"ಗೊಡ್ಡು ಆಕಳ ಯಾಕ ಮೇಸಬೇಕು, ಸಂತಿಗಿ ಹೊಡದ್ ಹಾಕ್ರಿ" ಅಂದರು ಅತ್ತೆ. ಅಂದದ್ದು ಆಕಳಿಗೆ, ನೋಡಿದ್ದು ನನ್ನ ಮುಖ. ಅಷ್ಟು ಹೊತ್ತಿಗೆ ಕಲಬುರ್ಗಿಯ ಶಹಾಬಜಾರದಲ್ಲಿ ನನ್ನ ಗಂಡನಿಗೆ ಇನ್ನೊಂದು ಹೆಣ್ಣಿನ ಮಾತು ನಡೆದಿತ್ತು.

ಹೆಣ್ಣು ನೋಡಲು ಗಾಡಿ ಹೂಡಿದ ದಿನವೇ, ಮಾವ ಹೇಳಿಕಳಿಸಿದ್ದ ದನದ ಡಾಕ್ಟರು ಬಂದರು. ಆಕಳುಗಳನ್ನೆಲ್ಲ ನೋಡಿದರು. ಹೋರಿಯನ್ನು ಕಂಬಕ್ಕೆ ಕಟ್ಟಿಸಿ, ಎದೆ, ಎತ್ತರ, ಉದ್ದ ಟೇಪಿನಲ್ಲಿ ಅಳೆದರು. ಕೊನೆಗೆ ಹಿಂದೆ ಕೂತು ಬೀಜ ಹಿಡಿದು ನೋಡಿದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ.

"ಗೌಡ್ರೇ, ಮೈ ಜಬರ್ದಸ್ತ್ ಅದ. ಬೀಜ ಮಾತ್ರ ಕರುವಿನಷ್ಟೂ ಬೆಳದಿಲ್ಲ. ಆಕಳದ್ದೇನೂ ಕಸೂರ್ ಇಲ್ರಿ, ಹೋರಿದೇ ಅದ."

"ಎದಿ ಅಷ್ಟ ಅದಲ್ರೀ ಸಾಹೇಬ್ರ!" ಮಾವ ಕಟ್ಟೆಯ ಮೇಲೆ ಕುಸಿದರು.

"ಎದಿಲಿಂದ ಕರ ಹುಟ್ತಾವೇನ್ರಿ?"

ನನಗೆ ಮೈಯೆಲ್ಲ ಉರಿದುಹೋಯಿತು. ಸೆರಗು ಸರಿದದ್ದೂ ನೋಡದೆ ಹೊಸ್ತಿಲು ದಾಟಿದೆ. "ಕೇಳಿದ್ರಿಲ್ಲ ಮಾವಾರ? ಶಹಾಬಜಾರಕ್ಕ ಹೋಗೂ ಮೊದಲ ನಿಮ್ಮ ಮಗನ್ನೂ ಯಾವರ ಡಾಕ್ಟರಿಗೆ ತೋರಸ್ರಿ!"

ಡಾಕ್ಟರು ತಲೆ ತಗ್ಗಿಸಿ ಟೇಪು ಸುತ್ತತೊಡಗಿದರು. ಗಂಡ ನನ್ನತ್ತ ಒಂದು ಹೆಜ್ಜೆ ಇಟ್ಟು, ಅಲ್ಲೇ ನಿಂತ. ಅತ್ತೆ ರಟ್ಟೆ ಹಿಡಿದು ನನ್ನನ್ನು ಒಳಗೆಳೆದು ಕಪಾಳಕ್ಕೆ ಬಿಗಿದರು.

ಹೋರಿಯನ್ನು ಆ ವಾರವೇ ಮಾರಿದರು. ಬೇರೆ ಹೋರಿ ತಂದರು, ಆಕಳು ಗಬ್ಬಾದವು. ಗಾಡಿ ಮಾತ್ರ ಅವತ್ತೇ ಶಹಾಬಜಾರಕ್ಕೆ ಹೋಯಿತು.

ಸವತಿಯಾಗಿ ಬಂದ ಹುಡುಗಿ ಪಾಪ, ಒಳ್ಳೆಯವಳು. ಅವಳಿಗೂ ಮಕ್ಕಳಾಗಲಿಲ್ಲ. ಕಡೆಗೆ ಅತ್ತೆ ನಮ್ಮಿಬ್ಬರನ್ನೂ ಕಲಬುರ್ಗಿಯ ರೋಜಾ ಬಡಾವಣೆಗೆ ಕರೆದೊಯ್ದು ಅಲ್ಲಿನ ದರ್ಗಾದಲ್ಲಿ ಹರಕೆ ಹೊರಿಸಿದರು.

"ಅವರೂ ಬಂದಿದ್ರ ಛಲೋ ಇತ್ತಲ್ರೀ ಅತ್ತಿ" ಎಂದಳು ಹುಡುಗಿ, ಮೆಲ್ಲಗೆ.

"ಅಂವ ಯಾಕ ಬರಬೇಕು?" ಅಂದರು ಅತ್ತೆ. "ಅಂವಗೇನ್ ಆಗ್ಯಾದ?"