ಟವೆಲ್ಲಿನೊಳಗಿನ ಏಳು

ಏಳು ಸಾವಿರ ರೂಪಾಯಿ ಮತ್ತು ಐದು ತಿಂಗಳು ಹೋದವು. ಮಧ್ಯಾಹ್ನದ ಹೊತ್ತಿನಲ್ಲಿ ಕೇಳಿದ ಒಂದು ಮಾತಿಗೆ ಹೆದರಿದ್ದಕ್ಕೆ. ದುಡ್ಡನ್ನು ಮತ್ತೆ ದುಡಿದೆ. ಆ ತಿಂಗಳುಗಳು ನನ್ನವಲ್ಲ, ಅಕ್ಕನ ಮಗಳು ಸುಷ್ಮಾಳವು.

ದೆವ್ವ, ಗಾಳಿ ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ. ದನದ ಸಂತೆಯಲ್ಲಿ ದಲಾಲಿ ಮಾಡಿ ಬೆಳಗಾವಿಯಲ್ಲಿ ಮನೆ ಕಟ್ಟಿದವನು. ಹಲ್ಲು ಎಣಿಸಿ ವಯಸ್ಸು ನೋಡದೆ ಎತ್ತು ಹಿಡಿದವನಲ್ಲ. ಸುಷ್ಮಾಗೆ ಹತ್ತೊಂಬತ್ತು, ಖಾನಾಪುರದಿಂದ ದಿನಾ ಇಲ್ಲಿಯ ಕಾಲೇಜಿಗೆ ಬರುತ್ತಿದ್ದಳು. ಬಸ್ಸಿನವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಾರೆಂದು ಕಾಲೇಜು ಬಿಟ್ಟಳು, ಗೆಳತಿಯರನ್ನು ಬಿಟ್ಟಳು. ಕಿಟಕಿಗೆ ಪೇಪರ್ ಅಂಟಿಸಿ, ಯಾರಿಗೋ ಉತ್ತರ ಕೊಡುವವಳಂತೆ ಒಬ್ಬಳೇ ಗೊಣಗತೊಡಗಿದಳು.

"ಹುಚ್ಚರ ದವಾಖಾನಿ ಹತ್ತಿಸಿದ್ರ ನಾಳೆ ಇಕಿನ್ನ ಯಾರ ಮಾಡ್ಕೋತಾರೋ ತಮ್ಮಾ?" ಎಂದು ಅತ್ತ ಅಕ್ಕ, ಗಾಳಿ ಬಿಡಿಸುವ ದೇವರಿಷಿಯೊಬ್ಬನನ್ನು ಮನೆಗೆ ಕರೆಸಿದಳು. ನಾನು ಖಾನಾಪುರಕ್ಕೆ ಹೋದದ್ದು ಅವನ ದರ ಇಳಿಸಲು.

ಅವನೂ ಸಂತೆ ಕಂಡವನೇ. ದನದ ಸಂತೆಯಲ್ಲಿ ಮಾಡುವಂತೆ ಅಂಗಳದಲ್ಲಿ ಕೈಗಳ ಮೇಲೆ ಟವೆಲ್ ಮುಚ್ಚಿ, ಅದರೊಳಗೆ ಬೆರಳು ಹಿಡಿದು ದರ ತಿಳಿಸುತ್ತ ವ್ಯಾಪಾರ ಮಾಡಿದೆವು. ಬಾಯಿಂದ ಒಂದು ಅಂಕಿಯೂ ಹೊರಡಲಿಲ್ಲ. ಹದಿನೈದು ಸಾವಿರದಿಂದ ಏಳಕ್ಕೆ ತಂದೆ. ಆಗ, ಬಾಗಿಲು ಹಾಕಿದ್ದ ಕೋಣೆಯಿಂದ ಸುಷ್ಮಾಳ ದನಿ ಬಂತು: "ಏಳಕ್ಕ ಮುಗಸಿದಿ ಹೌದಿಲ್ಲೊ ಮಾಮಾ? ನನ್ನ ಹಲ್ಲ ಎಣಸಲೇ ಇಲ್ಲಲ್ಲ!"

ಟವೆಲ್ಲಿನೊಳಗಿಂದ ಕೈ ಎಳೆದುಕೊಂಡೆ. "ಕೇಳಿದ್ರ್ಯಾ? ಮಾತಾಡಾಕತ್ತಿದ್ದು ಆಕಿ ಅಲ್ರೀ," ಎಂದ ಅವನು. ನಂಬಿಬಿಟ್ಟೆ. ಐದು ಅಮಾವಾಸ್ಯೆ ಅವನು ಮೆಣಸಿನಕಾಯಿ ಹೊಗೆ ಹಾಕಿದ, ಅವಳ ಕೂದಲು ಜಗ್ಗಿದ. ಅವಳು ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಳ್ಳುವಾಗ ತೋಳು ಒತ್ತಿ ಹಿಡಿದವನು ನಾನು. ಅವನ ಬಗ್ಗೆ ಹೇಸಿಗೆಯಿದೆ, ನನ್ನ ಬಗ್ಗೆ ಅದಕ್ಕಿಂತ ಹೆಚ್ಚು.

ನೀರಿನಲ್ಲಿ ವಿಷವಿದೆಯೆಂದು ಅವಳು ನೀರನ್ನೂ ಬಿಟ್ಟು ಕುಸಿದ ದಿನ ಬೆಳಗಾವಿಯ ದವಾಖಾನೆಗೆ ಎತ್ತಿಕೊಂಡು ಬಂದೆ. ಮನೋವೈದ್ಯೆಗೆ ನಾನು ಮೊದಲು ಹೇಳಿದ್ದು ಏಳರ ಕಥೆ. ಅವರು ಪೂರ್ತಿ ಕೇಳಿ, "ಅದು ನನಗೂ ತಿಳಿವಲ್ದು ನೋಡ್ರಿ. ಹುಡುಗಿ ನಿದ್ದಿ ಬಿಟ್ಟು ಎಷ್ಟ ದಿನಾ ಆತು?" ಎಂದರು.

ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಅವಳನ್ನು ಕೇಳಿರಲೇ ಇಲ್ಲ.

ಈಗ ಸುಷ್ಮಾ ಗುಳಿಗೆ ತಪ್ಪಿಸುವುದಿಲ್ಲ. ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ, ಒಂದು ವರ್ಷ ಹಿಂದೆ ಬಿದ್ದು. ಆ ದಿನ ಟವೆಲ್ಲಿನೊಳಗಿನ ಏಳು ಹೇಗೆ ತಿಳಿಯಿತೆಂದು ಕೇಳಿದರೆ, "ಯಾರೋ ಕಿವ್ಯಾಗ ಹೇಳಿದ್ರು ಮಾಮಾ" ಎನ್ನುತ್ತಾಳೆ. ನನಗೆ ಇವತ್ತಿಗೂ ಬಗೆಹರಿದಿಲ್ಲ.

ಆದರೆ ನೀವು ಕೇಳಿ. ಮನೆಯ ಹರೆಯದ ಮಕ್ಕಳು ನಿದ್ದೆ ಬಿಟ್ಟರೆ, ಗೆಳೆಯರನ್ನು ಬಿಟ್ಟರೆ, ನಿಮಗೆ ಕೇಳಿಸದ ದನಿಗೆ ಉತ್ತರ ಕೊಟ್ಟರೆ, ಆ ವಾರವೇ ಮನೋವೈದ್ಯರ ಬಳಿ ಕರೆದೊಯ್ಯಿರಿ. ಇದರಲ್ಲಿ ಚೌಕಾಸಿ ಬೇಡ. ಬಿಡಿಸಲಾಗದ ವಿಚಿತ್ರ ಏನಾದರೂ ಕಂಡಿದ್ದರೆ, ಅದನ್ನು ದವಾಖಾನೆಯ ಬಸ್ಸಿನಲ್ಲಿ ಕುಳಿತು ಯೋಚಿಸಿ.