ಮೂರನೇ ಹಾಡಿಗೆ ನಿಂತ ಕ್ಯಾಸೆಟ್ಟು

ಅವರ ಬಲಗೈ ಕಿರುಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ಅರ್ಧ ಅಂಗುಲ ಉದ್ದವಿತ್ತು. ಶೋಕಿಗೆ ಬಿಟ್ಟದ್ದಲ್ಲ. ಕ್ಯಾಸೆಟ್ಟಿನ ಹಲ್ಲುಗಾಲಿಗೆ ಅದನ್ನು ಸಿಕ್ಕಿಸಿ, ಸಡಿಲಾದ ಟೇಪನ್ನು ಎರಡೇ ಸುತ್ತಿಗೆ ಬಿಗಿ ಮಾಡುತ್ತಿದ್ದರು. ನಾವು ಪೆನ್ಸಿಲ್ ಹುಡುಕುವ ಹೊತ್ತಿಗೆ ಅವರ ಕೆಲಸ ಮುಗಿದಿರುತ್ತಿತ್ತು.

ಕೊಪ್ಪೀಕರ ರಸ್ತೆಯಿಂದ ಒಳಗೆ ಹೊರಳುವ ಓಣಿಯಲ್ಲಿ ಅವರ ಅಂಗಡಿ. ನಮಗೆಲ್ಲ ಅವರು ಕ್ಯಾಸೆಟ್ ಕಾಕಾ. ಮನೆತನದ್ದು ಹತ್ತಿ ವ್ಯಾಪಾರ. ಅಣ್ಣಂದಿರು ಅದನ್ನೇ ಹಿಡಿದಿದ್ದರು, ಇವರೊಬ್ಬರು ವಚನ, ಭಜನೆ, ಖ್ಯಾಲುಗಳ ಕ್ಯಾಸೆಟ್ ಮಾರುತ್ತ ಕೂತಿದ್ದರು. ಹರೆಯದಲ್ಲಿ ಧಾರವಾಡದ ಒಬ್ಬ ಗುರುಗಳ ಹತ್ತಿರ ಆರು ವರ್ಷ ಹಾಡು ಕಲಿತು, ಆಮೇಲೆ ಬಿಟ್ಟವರು. ಯಾಕೆ ಬಿಟ್ಟಿರಿ ಎಂದರೆ, "ನನ್ನ ದನಿ ನನಗ ಕೇಳಸ್ತಿತ್ತಪಾ" ಎನ್ನುತ್ತಿದ್ದರು.

ನಾನು ಆಗ ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ. ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದ ಢಾಲುಗಳನ್ನು ಇಡಲು ಮನೆಯಲ್ಲಿ ಜಾಗ ಇರಲಿಲ್ಲ. ಐದು ನಿಮಿಷ ಕೊಟ್ಟರೆ ಯಾವ ವಿಷಯಕ್ಕೂ ಪರವಾಗಿ ಮಾತಾಡುತ್ತಿದ್ದೆ, ಇನ್ನೈದು ನಿಮಿಷ ಕೊಟ್ಟರೆ ವಿರೋಧವಾಗಿ. ಇದರ ಜೊತೆಗೆ ಪಂಕ್ ಸಂಗೀತದ ಹುಚ್ಚು. ಪಂಕ್ ಎಂದರೆ ಎರಡು ನಿಮಿಷದ ಹಾಡು, ಗಿಟಾರಿನ ಮೂರೇ ಸ್ವರಗುಚ್ಛ, ವಿಪರೀತ ಸಿಟ್ಟು. ಅಂಥ ಕ್ಯಾಸೆಟ್ಟುಗಳನ್ನು ಮುಂಬೈಯಿಂದ ತರಿಸಿ ಎಂದು ಕಾಕಾನ ಬೆನ್ನು ಹತ್ತಿದವನು ನಾನೇ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಶನಿವಾರ ಅಂಗಡಿಗೆ ಹೋದಾಗ, ಕಾಕಾ ಆಗಷ್ಟೇ ಬಂದ ಪೆಟ್ಟಿಗೆಗೆ ಮತ್ತೆ ಸುತಳಿ ಕಟ್ಟುತ್ತಿದ್ದರು.

"ಇದೇನ್ರಿ ಕಾಕಾ, ಬಂದ ಮಾಲು ಹೊಂಟೈತಲ್ಲ?"

"ಪೂರಾ ಪೆಟಗಿ ಕೆಟ್ಟೈತಿ. ಟೇಪಿನ ಹೆಡ್ಡಿಗೆ ಮೂರ ಸಲ ಸ್ಪಿರಿಟ್ ಹಚ್ಚಿ ಒರಸೇನಿ. ನಾಕ ಕ್ಯಾಸೆಟ್ಟಿನ ಸೀಲ್ ಒಡದು ಹಾಕೇನಿ. ನಾಕೂ ಗರ್ ಅಂತಾವ."

"ಕೆಟ್ಟಿಲ್ಲರಿ. ಅದು ಇರೋದ ಹಂಗ."

ಕಾಕಾ ಸುತಳಿ ಬಿಟ್ಟರು. "ತಮ್ಮಾ, ಟೇಪ ಕೆಟ್ಟೈತೋ, ನನ್ನ ಕಿವಿ ಕೆಟ್ಟಾವೋ? ಎರಡರಾಗ ಒಂದ ಹೇಳು."

"ಎರಡೂ ಅಲ್ಲರಿ. ಗಿಟಾರಿನ ದನಿ ಅವರೇ ಒಡದಿರ್ತಾರ. ಬೇಕಂತ."

"ಬೇಕಂತ?"

ಅರ್ಧ ಗಂಟೆ ವಾದ ಮಾಡಿದೆ. ಸಿಟ್ಟು ಬಂದವನ ದನಿ ನುಣುಪಾಗಿರುತ್ತದೆಯೇ, ಬಯಲಾಟದ ರಾಕ್ಷಸ ತಂಬೂರಿಯ ಶ್ರುತಿಗೆ ಕೂಗುತ್ತಾನೆಯೇ ಎಂದೆಲ್ಲ ಕೇಳಿದೆ. ಕಾಕಾ ಒಪ್ಪಲಿಲ್ಲ, ಆದರೆ ಸುತಳಿ ಬಿಚ್ಚಿದರು.

"ಆತು, ಇಟಗೋತೀನಿ. ಆದ್ರ ಗಿರಾಕಿ ಬಂದು 'ಇದೇನ್ರಿ ಗರ್ ಅಂತೈತಿ' ಅಂದ್ರ ಉತ್ತರಾ ನೀ ಕೊಡಬೇಕು. ಬರದ ಅಂಟಸು."

ಹಾಗೆ ಶುರುವಾದವು ನನ್ನ ಚೀಟಿಗಳು. ಪ್ರತಿ ಹೊಸ ಆಲ್ಬಮ್ಮಿನ ಒಂದು ಕ್ಯಾಸೆಟ್ಟಿನ ಸೀಲು ಕಾಕಾ ಒಡೆದು ನನಗೆ ಕೇಳಲು ಕೊಡುವರು. ನಾನು ನಾಲ್ಕು ಸಾಲು ಬರೆದು ಅಂಗಡಿಯಲ್ಲೇ ಉಳಿಯುವ ಅದರ ಖಾಲಿ ಡಬ್ಬಿಗೆ ಅಂಟಿಸುವೆ. ಇಂಜಿನಿಯರಿಂಗ್ ಹಾಸ್ಟೆಲಿನ ಹುಡುಗರು, ರೈಲ್ವೆ ಕ್ವಾರ್ಟರ್ಸಿನ ಹುಡುಗಿಯರು ಚೀಟಿ ಓದಿ ಕ್ಯಾಸೆಟ್ ಆರಿಸತೊಡಗಿದರು. ವರ್ಷ ಕಳೆಯುವುದರಲ್ಲಿ ಊರಿನ ಒಂದು ಪತ್ರಿಕೆ ಅವನ್ನೇ ಹಿಗ್ಗಿಸಿ ವಾರದ ಅಂಕಣ ಮಾಡು ಎಂದಿತು.

ಕಾಕಾ ಕೂಡ ಮಧ್ಯಾಹ್ನ ಗಿರಾಕಿ ಇಲ್ಲದಾಗ ಅವನ್ನು ಕೇಳುತ್ತಿದ್ದರು. ಇಷ್ಟಪಟ್ಟು ಅಲ್ಲ, ತಕರಾರು ತೆಗೆಯಲು. ನನ್ನ 'ಬೇಕಂತ' ಎಂಬ ಮಾತನ್ನೇ ಹಿಡಿದುಕೊಂಡು ಒಂದು ಅಳತೆಗೋಲು ಮಾಡಿಕೊಂಡಿದ್ದರು. ಅವರ ಪ್ರಕಾರ ದನಿ ಎರಡು ಬಗೆ: ಬೇಕಂತ ಒಡೆದದ್ದು, ತಾನೇ ಒಡೆದು ಹೋದದ್ದು. ಬೆಲೆ ಎರಡನೆಯದಕ್ಕೆ. ಮೂವರು ಹುಡುಗಿಯರ ತಂಡವೊಂದರ ಮೊದಲ ಆಲ್ಬಮ್ ಕೇಳಿ, "ಇವರಿಗೆ ಸುರ್ ಗೊತ್ತಿಲ್ಲ. ಆದ್ರ ಬಾಗಲಾ ಬಡ್ಯಾಕತ್ತಾರ. ಬಾಗಲಾ ಬಡಿಯೋರಿಗೆ ಸುರ್ ಯಾಕ ಬೇಕು?" ಎಂದಿದ್ದರು. ಹೊಸ ಶತಮಾನದಲ್ಲಿ ಸಾಲಾಗಿ ಬಂದ, ಥಳಥಳಿಸುವ ಆಲ್ಟರ್‌ನೇಟಿವ್ ರಾಕ್ ತಂಡಗಳ ಬಗ್ಗೆ ಅವರ ಅಭಿಪ್ರಾಯ ಇನ್ನೂ ಚಿಕ್ಕದು: "ಸಿಟ್ಟಿಗೂ ಇಸ್ತ್ರಿ ಮಾಡ್ಯಾರ."

"ಇಂಗ್ಲಿಷ್ ಮಾತು ತಿಳಿಯಂಗಿಲ್ಲ, ನಿಮಗ ಹೆಂಗ ಗೊತ್ತಾಗತೈತ್ರಿ?" ಎಂದು ಕೆಣಕಿದೆ.

"ತಿಳಿಯಂಗಿಲ್ಲ, ಅದಕ್ಕ ಗೊತ್ತಾಗತೈತಿ. ನಿನಗ ಮಾತು ತಿಳೀತಾವ, ನೀ ಮೋಸಾ ಹೋಗ್ತಿ."

ಇದನ್ನು ನಾನು ಅಪ್ಪಟ ಸತ್ಯವೆಂದು ಒಪ್ಪಿಕೊಂಡವನಲ್ಲ. ಪ್ರೇಮದಲ್ಲಿ ಸೋತು ಗೋಳಾಡುವ ಒಂದು ಹಸಿ ಸುಳ್ಳಿನ ಆಲ್ಬಮ್ಮನ್ನು 'ತಾನೇ ಒಡೆದದ್ದು' ಎಂದು ಅವರು ತಿಂಗಳುಗಟ್ಟಲೆ ಹೊಗಳಿದ್ದುಂಟು. ಅಳತೆಗೋಲು ಸರಿಯಿದ್ದರೂ ಅಳೆಯುವವರು ತಪ್ಪಬಹುದು.

ಆದರೆ ನಾನು ತಪ್ಪಿದ್ದು ಅದಕ್ಕಿಂತ ಕೆಟ್ಟದಾಗಿ. ನನಗೆ ಪ್ರಿಯವಾಗಿದ್ದ ಪಂಕ್ ತಂಡವೊಂದು ದೊಡ್ಡ ಕಂಪನಿಗೆ ಸೇರಿ ನಾಲ್ಕನೇ ಆಲ್ಬಮ್ ತಂದಿತು. ಕ್ಯಾಸೆಟ್ ಒಯ್ದ ವಾರವೇ ಚೀಟಿ ಬರೆದು ಅಂಗಡಿಯ ಡಬ್ಬಿಗೆ ಅಂಟಿಸಿದೆ, ಅಂಕಣವನ್ನೂ ಬರೆದೆ. 'ಡಬ್ಬಿಯಲ್ಲಿ ತುಂಬಿ ಸೀಲು ಹಾಕಿದ ಸಿಟ್ಟು' ಎಂಬುದು ಶೀರ್ಷಿಕೆ. ಕಾಲೇಜಿನಲ್ಲಿ ಬೆನ್ನು ತಟ್ಟಿದರು. ಆ ಹುಮ್ಮಸ್ಸಿನಲ್ಲೇ ಕ್ಯಾಸೆಟ್ ಮರಳಿಸಲು ಹೋದೆ.

ಕಾಕಾ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಎರಡನೇ ಬಾಜೂ ಕೇಳಿಯೇನು?"

"ಕೇಳೇನ್ರಿ."

"ಟೇಪ ಮೊದಲನೇ ಬಾಜೂದ ಮೂರನೇ ಹಾಡಿಗೆ ನಿಂತೈತಲ್ಲ."

"ಪೂರಾ ಕೇಳಿ ಹಿಂದಕ್ಕ ಸುತ್ತೇನ್ರಿ."

"ಹಿಂದಕ್ಕ ಸುತ್ತಿದ್ರ ಮೊದಲನೇ ಹಾಡಿಗೆ ಹೋಗಿ ನಿಲ್ಲಬೇಕು. ನಡುವ ಯಾಕ ನಿಂತಿತು? ದಣಿವಾತೇನು ಅದಕ್ಕ?"

ಇಷ್ಟು ಸಣ್ಣ ಪ್ರಶ್ನೆಗೆ ನಾನು ಯಾವ ವೇದಿಕೆಯಲ್ಲೂ ಸೋತಿರಲಿಲ್ಲ. ಕಾಕಾ ಸಿಟ್ಟು ಮಾಡಲಿಲ್ಲ. ಡಬ್ಬಿಯ ಮೇಲಿನ ಚೀಟಿಯನ್ನು ಹರಿಯದಂತೆ ಕಿತ್ತು ನನ್ನ ಕೈಗೆ ಕೊಟ್ಟರು.

"ನಿನ್ನಿ ರೈಲ್ವೆ ಕ್ವಾರ್ಟರ್ಸಿನ ಒಬ್ಬ ಹುಡುಗಿ ಬಂದಿದ್ಲು. ಇದನ್ನ ತಗೋಬೇಕಂತ ಕೈಯಾಗ ಹಿಡದಿದ್ಲು. ನಿನ್ನ ಚೀಟಿ ಓದಿ ಮತ್ತ ಅಲ್ಲೇ ಇಟ್ಟು ಹೋದ್ಲು. ಆಕಿಗೆ ನಾ ಏನ ಹೇಳ್ಲಿ? ಬರದಾಂವ ಕೇಳೇ ಇಲ್ಲವ್ವಾ ಅಂತ ಹೇಳ್ಲಿ?" ಅಂಟಿನ ಬಾಟಲಿಗೆ ಮುಚ್ಚಳ ಹಾಕುತ್ತ ಅಂದರು: "ಕೇಳಿ ಬೈದಿದ್ರ ನಾ ಏನೂ ಅಂತಿದ್ದಿಲ್ಲ. ಇನ್ನ ಚೀಟಿ ಬ್ಯಾಡ ಬಿಡು."

ಕ್ಯಾಸೆಟ್ಟನ್ನು ನಾನೇ ತಿರುವಿ, ಮೊದಲಿನ ತನಕ ಸುತ್ತಿ, ಅಂಗಡಿಯ ಟೇಪಿಗೆ ಹಾಕಿದೆ. ಕಾಕಾ ಸ್ಟೂಲು ಸರಿಸಿಕೊಟ್ಟರು. ಎರಡನೇ ಬದಿಯ ಮೊದಲ ಹಾಡು ನಾನು ಬರೆದಂತೆಯೇ ಇತ್ತು. ಎರಡನೆಯದರಲ್ಲಿ ಡ್ರಮ್ ನಿಂತಿತು. ಒಂದೇ ಗಿಟಾರು, ಅದರ ಮೇಲೆ ಹಾಡುಗಾರನ ಬರಿ ದನಿ. ಮೇಲಿನ ಸ್ವರಕ್ಕೆ ಏರಲು ಹೋಗಿ ಆ ದನಿ ಸೀಳಿತು. ಅವನು ಕೆಮ್ಮಿ ಮತ್ತೆ ಅದೇ ಸಾಲು ಹಿಡಿದ. ಅಷ್ಟು ದೊಡ್ಡ ಕಂಪನಿಯಲ್ಲಿ ಅದನ್ನು ಅಳಿಸಿ ಮತ್ತೊಮ್ಮೆ ಹಾಡಿಸುವುದು ಏನೂ ಕಷ್ಟವಿರಲಿಲ್ಲ. ಹಾಗೇ ಉಳಿಸಿದ್ದರು. ಅದಾದ ಮೇಲಿನ ನಾಲ್ಕು ಹಾಡುಗಳೂ ಆ ಸೀಳಿನಿಂದಲೇ ಹೊರಟಂತಿದ್ದವು. ಟೇಪು ಖಟ್ ಎಂದು ನಿಂತಾಗ ಕಾಕಾ ನನ್ನ ಅಭಿಪ್ರಾಯ ಕೇಳಲಿಲ್ಲ. ಚಹಾ ತರಿಸಿದರು.

ಆ ಮೊದಲ ಮೂರು ಹಾಡುಗಳ ಬಗ್ಗೆ ನಾನು ಬರೆದದ್ದು ಇವತ್ತಿಗೂ ಸರಿ, ಒಂದಕ್ಷರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅವು ಅರ್ಧ ಆಲ್ಬಮ್ಮೂ ಅಲ್ಲ. ಮುಂದಿನ ವಾರದ ಅಂಕಣವನ್ನು 'ಮೂರೇ ಹಾಡು ಕೇಳಿ ಬರೆದಿದ್ದೆ' ಎಂದೇ ಶುರು ಮಾಡಿದೆ. ಸಂಪಾದಕರು, "ಹಿಂಗೆಲ್ಲಾ ಯಾರರೆ ಒಪ್ಪಿಕೋತಾರೇನ್ರಿ? ಓದೋರಿಗೆ ಏನ ಗೊತ್ತಾಗತೈತಿ?" ಎಂದು ಆ ಸಾಲು ಹೊಡೆದುಹಾಕಲು ನೋಡಿದರು. ಹಾಗಾದರೆ ಅಂಕಣವೇ ಬೇಡ ಎಂದೆ. ಅಚ್ಚಾಯಿತು. ಪತ್ರಿಕೆ ಹಿಡಿದು ಅಂಗಡಿಗೆ ಹೋದರೆ ಕಾಕಾ ಆಗಲೇ ಓದಿದ್ದರು. ಎರಡು ಹೊಸ ಕ್ಯಾಸೆಟ್ ಮತ್ತು ಅಂಟಿನ ಬಾಟಲಿಯನ್ನು ನನ್ನ ಮುಂದೆ ಸರಿಸಿದರು. ಆ ಹುಡುಗಿ ಮತ್ತೆ ಬಂದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಕೆಲವೇ ವರ್ಷಗಳಲ್ಲಿ ಒಂದೇ ಡಿಸ್ಕಿಗೆ ನೂರು ಹಾಡು ತುಂಬಿ ರಸ್ತೆಯಲ್ಲಿ ಮಾರುವವರು ಬಂದರು. ಕಾಕಾ ಜಗಳವಾಡದೆ ಅಂಗಡಿ ಮುಚ್ಚಿದರು. ಡಿಸ್ಕು ಎಲ್ಲಿ ನಿಂತಿತೆಂದು ಯಾರಿಗೂ ತೋರಿಸುವುದಿಲ್ಲ. ನಡುವೆ ಬಿಟ್ಟರೂ ನನ್ನನ್ನು ಹಿಡಿಯುವವರಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಅವರಿಗೆ ಹೃದಯದ ತೊಂದರೆ ಶುರುವಾದ ಮೇಲೆ ಮನೆಗೆ ಹೋಗಿ ಬರುತ್ತಿದ್ದೆ. ಬಾಗಿಲಲ್ಲೇ ಅವರ ಹೆಂಡತಿ ಕಾಕು, "ನಿಮ್ಮ ಗದ್ದಲದ ಹುಡುಗ ಬಂದಾನ ನೋಡ್ರಿ" ಎಂದು ಕೂಗುವರು. ಕೊನೆಯ ಸಲ ಹೋದಾಗ ಬಹಳ ಹೆಸರು ಮಾಡಿದ್ದ ಹೊಸ ಪಂಕ್ ಆಲ್ಬಮ್ ಒಂದರ ಮಾತು ಬಂತು.

"ಹೆಂಗೈತಿ ಅದು?"

"ಇನ್ನೂ ಗೊತ್ತಾಗಿಲ್ರಿ ಕಾಕಾ."

"ನಿನಗಾ? ಗೊತ್ತಾಗಿಲ್ಲಾ?" ಎಂದು ನಗತೊಡಗಿದವರು ಕೆಮ್ಮು ಬರುವ ತನಕ ನಕ್ಕರು. ಒಳಗಿನಿಂದ ಕಾಕು, "ನಗಸಬ್ಯಾಡಪಾ ಅವರನ್ನ, ಡಾಕ್ಟರು ಬೈತಾರ" ಎಂದು ನನಗೇ ಗದರಿದರು.

ಹತ್ತು ದಿನಕ್ಕೆ ಕಾಕಾ ಹೋದರು. ಮಣ್ಣಿಗೆ ಹೋಗಿ ಬಂದ ಮರುದಿನ ಪತ್ರಿಕೆಯವರು ಆ ಹೊಸ ಆಲ್ಬಮ್ಮಿನ ಮೇಲೆ ಅಂಕಣ ಕೇಳಿದರು. ಆಲ್ಬಮ್ಮನ್ನು ಅಷ್ಟರಲ್ಲಿ ಏಳು ಸಲ ಕೇಳಿದ್ದೆ. ಒಂದು ವಾರ ತಡೆಯಿರಿ ಎಂದೆ. ಮತ್ತೆರಡು ಸಲ ಕೇಳಿ, ಅದು ಕೆಟ್ಟ ಆಲ್ಬಮ್ ಎಂದು ಕಾರಣ ಕೊಟ್ಟು ಬರೆದೆ. ಕಾಕಾ ಒಪ್ಪುತ್ತಿರಲಿಲ್ಲ ಅನಿಸುತ್ತದೆ. ಒಂದು ಮಧ್ಯಾಹ್ನವೆಲ್ಲ ಜಗಳವಾಡುತ್ತಿದ್ದರು. 'ಪೂರಾ ಕೇಳಿಯೇನು' ಎಂದು ಮಾತ್ರ ಕೇಳುತ್ತಿರಲಿಲ್ಲ.